ಗಂಜಿಯ ಕಣ್ಣ ಕೆಳಗೆ

ಗೇರುಹಣ್ಣಿನ ಕಲೆ ನಾನು ತೆಗೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.
ಉಳಿದದ್ದು ತನ್ನಿ. ಮೀನುಸಾರು, ಅರಸಿನ,
ಮದುಮಗನ ಜರಿಪಂಚೆಗೆ ಹಾರಿದ ವೀಳ್ಯದ ಕೆಂಪು,
ಮಲ್ಪೆಯ ಬೋಟಿನ ಗ್ರೀಸು.
ಉಡುಪಿಯ ಕಿನ್ನಿಮೂಲ್ಕಿಯಲ್ಲಿ ನನ್ನ ಲಾಂಡ್ರಿ,
ಬೋರ್ಡಿನ ಬಣ್ಣ ಹೋಗಿದೆ,
ವಾರಿಜಕ್ಕನ ಅಂಗಡಿ ಎಂದರೆ ರಿಕ್ಷಾದವರಿಗೆ ಗೊತ್ತು.

ಬ್ಯಾಂಕಿನ ಸಾಹೇಬರಿಗೆ ಕಾನ್ಪುರಕ್ಕೆ ವರ್ಗ ಆಯ್ತು.
ನಾಲ್ಕು ಅಂಗಿ, ಒಂದು ಹೊದಿಕೆ, ಒಂದು ನಾಯಿ ಬಿಟ್ಟು ಹೋದರು.
"ಹದಿನೈದೇ ದಿನ, ಮನೆ ಸಿಕ್ಕಿದ ಕೂಡಲೇ ಬರುತ್ತೇನೆ."
ಅಭ್ಯಾಸಬಲ, ರಶೀದಿ ಬರೆದೆ:
ಅಂಗಿ ನಾಲ್ಕು, ಹೊದಿಕೆ ಒಂದು.
ನಾಯಿಗೆ ಕಾಲಂ ಇರಲಿಲ್ಲ.

ಅವರು ಕರೆಯುತ್ತಿದ್ದ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ.
ಬಿಳಿ, ಉರುಟು, ಕೂದಲೆಲ್ಲ ಸೆಟೆದು ನಿಂತದ್ದು.
ಗಂಜಿ ಎಂದೆ. ಬಾಲ ಅಲ್ಲಾಡಿತು.

ಮಾರ್ಚಿನ ಹೊತ್ತಿಗೆ ಕಣ್ಣಿನ ಒಳಮೂಲೆಯಿಂದ
ಎರಡು ಗೆರೆ, ಹಂಚಿನ ಬಣ್ಣ,
ಸೋರುವ ಮಾಡಿನ ಕೆಳಗೆ ಗೋಡೆಯಲ್ಲಿ ಇಳಿಯುತ್ತದಲ್ಲ, ಹಾಗೆ.
ಎದುರು ಹೂ ಕಟ್ಟುವ ಅಪ್ಪಿ ಹೇಳಿದಳು,
"ಪಾಪ, ಯಜಮಾನನನ್ನು ನೆನೆದು ಅಳುತ್ತದೆ."
ಹೌದೆಂದೆ. ಬಂದವರಿಗೆಲ್ಲ ನಾನೂ ಅದನ್ನೇ ಹೇಳಿದೆ.
ಕಥೆ ಚೆನ್ನಾಗಿತ್ತು, ಆ ವಾರ ಎರಡು ಗಂಟು ಹೆಚ್ಚೇ ಬಂತು.

ಆದರೆ ಕಲೆ ಕಲೆಯೇ.
ನನ್ನದೇ ಅಂಗಡಿಯಲ್ಲಿ, ಬಿಳಿಯ ಮೇಲೆ!
ಲಿಂಬೆ ಹಿಂಡಿದೆ, ಗಂಜಿ ಮುಖ ತಿರುಗಿಸಿತು.
ಸೋಡಾ ಕದಡಿದೆ, ಮೇಜಿನಡಿಗೆ ಹೋಗಿ ಕೂತಿತು.
ತುಕ್ಕಿಗೆ ಹಾಕುವ ಹರಳಿನ ಡಬ್ಬಿಗೂ
ಒಂದು ರಾತ್ರಿ ಕೈ ಹೋಗಿತ್ತು.
ಅದು ನನ್ನ ಉಗುರು ತಿಂದದ್ದು ನೆನಪಾಗಿ
ಮುಚ್ಚಳ ಬಿಗಿದೆ.

ಪ್ರಾಣಿ ಆಸ್ಪತ್ರೆಯ ಲವೀನಾ ಡಾಕ್ಟರು
ರೆಪ್ಪೆ ಎತ್ತಿ ನೋಡಿದರು,
ಕಿತ್ತಳೆ ಬಣ್ಣದ ಒಂದು ಹನಿ ಬಿಟ್ಟರು.
ಮೂಗಿನಲ್ಲಿ ಇಳಿಯಬೇಕಂತೆ. ಕಾದೆವು.
ಫ್ಯಾನು ತಿರುಗಿತು. ಇಳಿಯಲೇ ಇಲ್ಲ.
"ಅಳುವುದಲ್ಲ ಮಾರಾಯ್ತಿ,
ಕಣ್ಣಿಂದ ಮೂಗಿಗೆ ಒಂದು ಓಣಿ ಉಂಟು, ಇದಕ್ಕೆ ಅದು ಇಕ್ಕಟ್ಟು.
ನೀರು ಹೊರಗೆ ಬರುತ್ತದೆ. ಅದರಲ್ಲಿ ಕಬ್ಬಿಣ,
ಗಾಳಿ ಬೆಳಕು ತಾಗಿದರೆ ಕೆಂಪು."
ನನಗೆ ನಮ್ಮ ಬಾವಿ ನೆನಪಾಯಿತು:
ಸೇದುವಾಗ ತಿಳಿ, ಬಕೆಟಿನಲ್ಲಿ ಒಂದು ರಾತ್ರಿ ಇಟ್ಟರೆ ತುಕ್ಕು.
ಲಿಂಬೆ ಎಂದದ್ದಕ್ಕೆ ಬೈದರು. ಸೋಡಾ ಎಂದದ್ದಕ್ಕೆ ಇನ್ನೂ ಬೈದರು.
ಹರಳಿನ ಸುದ್ದಿ ನಾನು ಎತ್ತಲಿಲ್ಲ.

ಈಗ ಬೆಳಿಗ್ಗೆ, ಇಸ್ತ್ರಿಪೆಟ್ಟಿಗೆಯ ಕೆಂಡ ಹೊತ್ತುವುದರೊಳಗೆ
ಕುದಿಸಿ ಆರಿಸಿದ ನೀರು, ಹತ್ತಿ,
ಒಂದು ಕಣ್ಣಿಗೆ ಒಂದು ತುಂಡು, ಮೂಲೆಯಿಂದ ಕೆಳಕ್ಕೆ.
ಒರೆಸಿದರೆ ಸಾಲದು, ಒಣಗಿಸಬೇಕು.
ಇದನ್ನು ನನಗೆ ಹೇಳಿಕೊಡಬೇಕಾಯಿತು ನೋಡಿ,
ಒದ್ದೆ ಮುದುಡಿಟ್ಟ ಬಟ್ಟೆ ಏನಾಗುತ್ತದೆಂದು ಊರಿಗೆಲ್ಲ ಹೇಳುವವಳಿಗೆ.
ಕಣ್ಣಿಗೆ ಚುಚ್ಚುವ ಕೂದಲು ಡಾಕ್ಟರೇ ಕತ್ತರಿಸುತ್ತಾರೆ.
ನನ್ನ ಕತ್ತರಿ ದೊಡ್ಡದು, ಗಂಜಿಗೆ ಸೀನುವ ಚಟ.
ಕಣ್ಣು ಕೆಂಪಾದರೆ, ಕೀವು ಕಂಡರೆ, ಕಾಲಲ್ಲಿ ಉಜ್ಜಿಕೊಂಡರೆ
ಅಂಗಡಿ ಮುಚ್ಚಿ ಓಡಿ ಬಾ ಎಂದಿದ್ದಾರೆ.

ಕಲೆ ಹೋಯಿತಾ ಎಂದು ಕೇಳುತ್ತಾರೆ.
ಬಣ್ಣ ಕುಡಿದ ಕೂದಲು ಬಿಟ್ಟುಕೊಡುವುದಿಲ್ಲ.
ಬುಡದಲ್ಲಿ ಅಕ್ಕಿಕಾಳಿನಷ್ಟು ಹೊಸ ಬಿಳಿ ಹುಟ್ಟಿದೆ,
ಕೆಂಪು ತುದಿಗೆ ಸರಿದಿದೆ,
ಒಂದು ದಿನ ಕತ್ತರಿಗೆ ಸಿಗುತ್ತದೆ.
ಮತ್ತೆ ಬರುತ್ತದೆ. ಓಣಿ ಇಕ್ಕಟ್ಟೇ ತಾನೆ.

ಅಪ್ಪಿಗೆ ಎಲ್ಲ ವಿವರಿಸಿದೆ. ನೂಲು ಕಚ್ಚಿ ತುಂಡು ಮಾಡುತ್ತ
"ಡಾಕ್ಟರಿಗೆ ಎಂತ ಗೊತ್ತು?" ಎಂದಳು.

ನಾಲ್ಕು ಅಂಗಿ ಇನ್ನೂ ಗೂಟದಲ್ಲಿವೆ, ಮಡಿಕೆ ಮುರಿದಿಲ್ಲ.
ಹೊದಿಕೆ ಮಾತ್ರ ಗಂಜಿಗೆ ಹಾಸಿದ್ದೇನೆ.
ಅದು ತಲೆಯಿಡುವ ಮೂಲೆಯಲ್ಲಿ ತೆಳ್ಳಗೆ ಎರಡು ಕೆಂಪು ಮಚ್ಚೆ.
ಯಾರ ಬಟ್ಟೆ ಎಂದು ತಿಳಿಯಲು
ನಾವೂ ಮೂಲೆಯಲ್ಲೇ ಶಾಯಿಯ ಗುರುತು ಹಾಕುವುದು.
ಅದನ್ನು ಒಗೆದು ತೆಗೆಯುವ ಕ್ರಮ ಇಲ್ಲ.